ಗಾಜಿನ ಮೇಲಣ ಇಬ್ಬನಿ

ಬ್ರಿಟನ್ನಿನಂತಹ ಶೀತದೇಶದಲ್ಲಿ ನವೆಂಬರ್ ತಿಂಗಳಿನಿಂದ ಮಾರ್ಚ್‌ವರೆಗೆ, ಬೆಳಗಿನ ಜಾವದಲ್ಲಿ ಎದ್ದು ಮಲಗುವ ಕೋಣೆಯ ಪರದೆಯನ್ನು ಸರಿಸಿದರೆ, ಕಿಟಕಿಯ ಗಾಜಿನ ಒಳಮೈಯೆಲ್ಲ ನೀರಿನಿಂದ ಮುಚ್ಚಿಹೋಗಿ ಹೊರಗಿನ ಬೀದಿಯೇ ಕಾಣದಂತಾಗಿರುವುದು ಅಲ್ಲಿನ ಅಸಂಖ್ಯ ಸಂಸಾರಗಳಿಗೆ ನಿತ್ಯಾನುಭವದ ಸಂಗತಿ. ರಾತ್ರಿಯೆಲ್ಲ ಸೂಕ್ಷ್ಮವಾದ ತುಂತುರಾಗಿ ಕೂಡಿಕೊಂಡ ಆ ನೀರು ಕ್ರಮೇಣ ಹನಿಗಟ್ಟಿ, ಹನಿಗಳು ಒಂದರೊಡನೊಂದು ಸೇರಿ ಧಾರೆಯಾಗಿ ಕೆಳಗಿಳಿದು, ಚೌಕಟ್ಟಿನ ಮರವನ್ನು ನೆನೆಸಿ, ಕಿಟಕಿಯ ಬುಡದ ಹಲಗೆಯ ಮೇಲೆ ಮಡುಗಟ್ಟಿ ನಿಲ್ಲುತ್ತದೆ. ಕೆಲವು ವಾರಗಳು ಕಳೆಯುವಷ್ಟರಲ್ಲಿ ಚೌಕಟ್ಟಿನ ಸಂದಿನಲ್ಲಿಯೂ, ಎರಡು ಹೊರಗೋಡೆಗಳು ಕೂಡುವ ಮೂಲೆಯಲ್ಲಿಯೂ, ಬಟ್ಟೆಯ ಬೀರುವಿನ ಹಿಂದಣ ಗೋಡೆಯಲ್ಲಿಯೂ ಬೂಷ್ಟಿನ ಕಪ್ಪು ಚುಕ್ಕೆಗಳು ಮೂಡಿ, ಚುಕ್ಕೆಗಳು ಮಚ್ಚೆಗಳಾಗಿ, ಮಚ್ಚೆಗಳು ಒಂದಕ್ಕೊಂದು ಹೆಣೆದುಕೊಂಡು, ಮನೆಯೊಳಗೆಲ್ಲ ಕಮಟು ವಾಸನೆ ತುಂಬುತ್ತದೆ.

ಈ ನೀರು ಎಲ್ಲಿಂದ ಬಂದಿತು? ಗಾಜನ್ನೇ ಏತಕ್ಕೆ ಆರಿಸಿಕೊಂಡಿತು? ಬೂಷ್ಟು ಕೋಣೆಯ ನಡುಗೋಡೆಯನ್ನು ಬಿಟ್ಟು ಆ ಮೂಲೆಯಲ್ಲಿಯೇ ಏತಕ್ಕೆ ಹುಟ್ಟಿತು? ಅದರಿಂದ ಮನುಷ್ಯನಿಗಾಗುವ ಕೇಡೇನು? ಕಡೆಯದಾಗಿ, ಅದಕ್ಕೆ ಹೊಣೆ ಯಾರು? ಈ ಕಡೆಯ ಪ್ರಶ್ನೆಯು ಭೌತವಿಜ್ಞಾನದ ಎಲ್ಲೆಗೆ ಹೊರತಾದುದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೊದಲಿನ ಪ್ರಶ್ನೆಗಳ ತೊಡಕನ್ನು ಸರಿಯಾಗಿ ಬಿಡಿಸಿಕೊಂಡವನಿಗೆ ಇದರ ಉತ್ತರವೂ ಅವುಗಳಲ್ಲಿಯೇ ಅಡಗಿರುವುದು ಕಂಡುಬರುವುದೆಂಬುದು ನನ್ನ ದೃಢವಾದ ನಂಬಿಕೆ.

ಗಾಜಿನ ಮೇಲಣ ಈ ನೀರೂ ಇಬ್ಬನಿಯೇ. ಇಬ್ಬನಿಯು ಆಕಾಶದಿಂದ ಬೀಳುವುದೆಂದು ಪ್ರಾಚೀನರು ನಂಬಿದ್ದರು. ಅದು ನೆಲದಿಂದ ಮೇಲಕ್ಕೇಳುವುದೆಂದು 18ನೆಯ ಶತಮಾನದ ಕೆಲವು ಪಂಡಿತರು ವಾದಿಸಿದರು. ಈ ವಿವಾದವನ್ನು ಪರಿಹರಿಸಿದವನು ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ. ಅಮೆರಿಕದ ಚಾರ್ಲ್ಸ್‌ಟನ್ ಪಟ್ಟಣದಲ್ಲಿ 1757ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ವೃತ್ತಿ ನಡೆಸುತ್ತಿದ್ದ ಈತನು ಸರ್ರೆ ಪ್ರಾಂತದ ಒಂದು ತೋಟದಲ್ಲಿ ರಾತ್ರಿಗಳನ್ನು ಕಳೆಯುತ್ತ, 10 ಗ್ರೇನ್ ತೂಕದ ಉಣ್ಣೆಯ ಪುಟ್ಟ ಕಟ್ಟುಗಳನ್ನು ಹುಲ್ಲಿನ ಮೇಲೂ, ಎತ್ತರದಲ್ಲಿ ನಿಲ್ಲಿಸಿದ ಹಲಗೆಯ ಮೇಲೂ, ಅದೇ ಹಲಗೆಯ ಅಡಿಯಲ್ಲಿಯೂ ಇಟ್ಟು, ಅವು ಕುಡಿದ ನೀರನ್ನು ತೂಗಿ ನೋಡಿದನು. ಜೊತೆಗೆ ಉಷ್ಣಮಾಪಕವನ್ನಿಟ್ಟು ಆಯಾ ವಸ್ತುವಿನ ತಂಪನ್ನೂ ಅಳೆದನು. ವಸ್ತುವು ಮೊದಲು ತನ್ನ ಸುತ್ತಣ ಗಾಳಿಗಿಂತ ತಣ್ಣಗಾಗುತ್ತದೆ. ಆಮೇಲೆ ಅದರ ಮೇಲೆ ಇಬ್ಬನಿ ಕೂಡುತ್ತದೆ. ಅಂದರೆ ತಂಪು ಇಬ್ಬನಿಯಿಂದಾದುದಲ್ಲ, ಇಬ್ಬನಿಯೇ ತಂಪಿನಿಂದಾದುದು. ಈ ನಿರ್ಣಯವನ್ನು ವೆಲ್ಸನು 1814ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದನು. ರಾಯಲ್ ಸೊಸೈಟಿಯು ಅದಕ್ಕಾಗಿ ಅವನಿಗೆ ರಮ್‌ಫರ್ಡ್ ಪದಕವನ್ನಿತ್ತಿತು. ಮೂರು ವರ್ಷಗಳಲ್ಲಿ ಅವನು ತೀರಿಕೊಂಡನು. ಹುಲ್ಲಿನ ಮೇಲಣ ಇಬ್ಬನಿಗೂ ಮಲಗುವ ಕೋಣೆಯ ಗಾಜಿನ ಮೇಲಣ ಇಬ್ಬನಿಗೂ, ತಂಪೇ ಮೊದಲೆಂಬ ವಿಷಯದಲ್ಲಿ, ಎಳ್ಳಷ್ಟೂ ಭೇದವಿಲ್ಲ.

ವೆಲ್ಸನಿಗೂ ಮೊದಲೇ ವಿಜ್ಞಾನಿ ಜಾನ್ ಡಾಲ್ಟನ್ ಈ ತಂಪನ್ನು ಅಳೆಯುವ ವಿಧಾನವೊಂದನ್ನು ವಿವರಿಸಿದ್ದನು. ಆತನ ವಿಧಾನವು ಯಾರಾದರೂ ಮಾಡಿನೋಡಬಹುದಾದಷ್ಟು ಸರಳ. ಎತ್ತರದ ಗಾಜಿನ ಲೋಟದಲ್ಲಿ ತಣ್ಣನೆಯ ಚಿಲುಮೆಯ ನೀರನ್ನು ತುಂಬಿ, ಲೋಟದ ಹೊರಮೈಯಲ್ಲಿ ಇಬ್ಬನಿ ಮೂಡಿದರೆ ನೀರನ್ನು ಚೆಲ್ಲಿ, ಲೋಟವನ್ನು ಒರೆಸಿ, ಕೊಂಚ ಬೆಚ್ಚಗಾದ ಅದೇ ನೀರನ್ನು ಮತ್ತೆ ತುಂಬುವುದು. ಇಬ್ಬನಿ ಮೂಡದೆ ನಿಂತ ಕ್ಷಣದಲ್ಲಿ ನೀರಿನ ಉಷ್ಣತೆ ಎಷ್ಟೆಂದು ನೋಡುವುದು. ಅದೇ ಆ ಹೊತ್ತಿನ, ಆ ಗಾಳಿಯ ಇಬ್ಬನಿ ಬಿಂದು. ಗಾಳಿಯು ನೀರನ್ನು ಹೀರಿಕೊಂಡಿರುತ್ತದೆಯೆಂದು ನಾವು ರೂಢಿಯಲ್ಲಿ ಹೇಳುತ್ತೇವಾದರೂ ನೀರಾವಿಯು ಗಾಳಿಯ ಹಂಗಿಲ್ಲದೆ ಸ್ವತಂತ್ರವಾಗಿಯೇ ಆ ಎಡೆಯಲ್ಲಿ ವ್ಯಾಪಿಸಿರುತ್ತದೆಂಬುದನ್ನೂ, ಅದು ಎಷ್ಟು ಇರಬಲ್ಲುದೆಂಬುದನ್ನು ನಿರ್ಧರಿಸುವುದು ಉಷ್ಣತೆಯೊಂದೇ ಎಂಬುದನ್ನೂ ತೋರಿಸಿಕೊಟ್ಟವನು ಇದೇ ಡಾಲ್ಟನ್. ಒಂದು ಘನಮೀಟರ್ ಎಡೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಇರಬಹುದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ. 5 ಡಿಗ್ರಿಯಲ್ಲಿ 7ಕ್ಕೂ ಕಡಿಮೆ. 0 ಡಿಗ್ರಿಯಲ್ಲಿ 5ಕ್ಕೂ ಕಡಿಮೆ. ಈ ನಾಲ್ಕು ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಇರಬಹುದಾದ ಗರಿಷ್ಠ ಪ್ರಮಾಣದಲ್ಲಿ ಈಗ ಇರುವುದು ನೂರಕ್ಕೆ ಎಷ್ಟು ಪಾಲೆಂಬುದೇ ಸಾಪೇಕ್ಷ ಆರ್ದ್ರತೆ.

ಈಗ ಒಂದು ಕೋಣೆಯನ್ನು ತೆಗೆದುಕೊಳ್ಳೋಣ. ಒಳಗೆ 20 ಡಿಗ್ರಿ, ಹೊರಗೆ 0 ಡಿಗ್ರಿ. ಒಳಗಿನ ಸಾಪೇಕ್ಷ ಆರ್ದ್ರತೆ ಶೇಕಡಾ 60. ಈ ಗಾಳಿಯ ಇಬ್ಬನಿ ಬಿಂದು 12 ಡಿಗ್ರಿ. ಕಿಟಕಿಗೆ ಒಂದೇ ಪದರದ ಗಾಜಿದ್ದರೆ ಅದರ ಒಳಮೈಯ ಉಷ್ಣತೆ ಐದಾರು ಡಿಗ್ರಿಗೆ ಮೀರದೆಂದು ಲೆಕ್ಕ ಹಾಕಿ ಹೇಳಬಹುದು. 12ಕ್ಕೂ 5ಕ್ಕೂ ಇರುವ ಅಂತರವೇ ಬೆಳಗಿನ ಜಾವ ಧಾರೆಯಾಗಿ ಹರಿಯುವ ನೀರು. ಎರಡು ಪದರಗಳ ಹಳೆಯ ಮಾದರಿಯ ಗಾಜಾದರೆ ಒಳಮೈ 12 ಡಿಗ್ರಿಯಿಂದ ಅಷ್ಟಿಷ್ಟು ಮೇಲೆ ನಿಂತು ಅಂಚಿನಲ್ಲಿ ತೂಗಾಡುತ್ತದೆ. ಪದರಗಳ ನಡುವೆ ಆರ್ಗಾನ್ ಅನಿಲವನ್ನು ತುಂಬಿ, ಶಾಖದ ಕಿರಣಗಳನ್ನು ಹಿಂದಕ್ಕೆ ಕಳುಹಿಸುವ ಅತಿ ತೆಳುವಾದ ಲೇಪವನ್ನು ಕೊಟ್ಟ ಈಚಿನ ಗಾಜಾದರೆ 16 ಡಿಗ್ರಿಯ ಸುತ್ತಮುತ್ತ ನಿಲ್ಲುವುದರಿಂದ ನೀರಿನ ಸುಳಿವೇ ಇರುವುದಿಲ್ಲ. ಇಂತಹ ಉತ್ತಮ ಗಾಜಿನ ಹೊರಮೈಯಲ್ಲಿ ಶರತ್ಕಾಲದ ನಿರ್ಮಲವಾದ ಬೆಳಗುಗಳಲ್ಲಿ ಇಬ್ಬನಿ ಕಾಣಿಸುವುದುಂಟು, ಮನೆಯವರು ಗಾಬರಿಗೊಳ್ಳಬೇಕಾದುದಿಲ್ಲ. ಒಳಗಿನ ಶಾಖ ಹೊರಗೆ ಸೋರದಿರುವುದರಿಂದ ಹೊರಗಾಜು ಬಯಲಾಕಾಶಕ್ಕೆ ತನ್ನ ಶಾಖವನ್ನು ಸೂಸಿ ವೆಲ್ಸನ ಹುಲ್ಲಿನಂತೆಯೇ ತಣ್ಣಗಾಗಿದೆ, ಅಷ್ಟೆ. ಎರಡು ಪದರಗಳ ನಡುವೆ ಮಬ್ಬು ಕವಿದರೆ ಮಾತ್ರ ಅಂಚಿನ ಮುದ್ರೆ ಒಡೆದು ಗಾಜು ಕೆಟ್ಟಿದೆಯೆಂದು ತಿಳಿಯತಕ್ಕದ್ದು.

ನೀರಿನ ಮೂಲವನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ನಿದ್ರಿಸುತ್ತಿರುವ ಒಬ್ಬ ವಯಸ್ಕನು ಉಸಿರಿನಿಂದಲೂ ಚರ್ಮದಿಂದಲೂ ಗಂಟೆಗೆ ಸುಮಾರು 40 ಗ್ರಾಂ ನೀರನ್ನು ಗಾಳಿಗೆ ಸೇರಿಸುತ್ತಾನೆ. ಗಂಡಹೆಂಡಿರಿಬ್ಬರು 8 ಗಂಟೆಗಳ ಕಾಲ ಮಲಗಿದರೆ 600 ಗ್ರಾಮಿಗೂ ಮಿಗಿಲಾಯಿತು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯ ಒಳಗಿನ ಎಡೆ 30 ಘನಮೀಟರ್. 18 ಡಿಗ್ರಿಯಲ್ಲಿ ಅಲ್ಲಿ ಹೆಚ್ಚೆಂದರೆ 460 ಗ್ರಾಂ ನೀರಾವಿ ಇರಬಹುದು. ಅದರಲ್ಲಿ ಅರ್ಧ, ಮಲಗುವ ಹೊತ್ತಿಗಾಗಲೇ ಇದ್ದೀತು. ಉಳಿದ ಎಡೆ 230 ಗ್ರಾಮಿಗೆ, ಬರುವ ನೀರು 600 ಗ್ರಾಂ! ಬಾಗಿಲು ಕಿಟಕಿಗಳ ಸಂದುಗಳನ್ನೆಲ್ಲ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಉಳಿದ ನೀರು ಗಾಜಿಗೂ ಗೋಡೆಗೂ ಹಾಸಿಗೆಗೂ ಅಂಟದೆ ಮತ್ತೆಲ್ಲಿಗೆ ಹೋಗಬೇಕು? ಇಲ್ಲಿ ಯಾರೂ ಯಾವ ತಪ್ಪನ್ನೂ ಮಾಡಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಇಬ್ಬರು ಉಸಿರಾಡಿದರು, ಅಷ್ಟೆ. ಇದಕ್ಕೆ ಅಡುಗೆಯ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಒಂದು ಹೊರೆ ಬಟ್ಟೆಯಿಂದ ಹೊರಡುವ ಒಂದೆರಡು ಲೀಟರ್ ನೀರು ಇವೆಲ್ಲ ಸೇರಿದರೆ ನಾಲ್ವರ ಸಂಸಾರವೊಂದು ದಿನಕ್ಕೆ ಹತ್ತು ಲೀಟರಿಗೂ ಹೆಚ್ಚು ನೀರನ್ನು ಮನೆಯ ಗಾಳಿಗೆ ಸೇರಿಸಬಲ್ಲುದು. ಹೊಗೆಗೊಳವೆಯಿಲ್ಲದ ಸೀಮೆಎಣ್ಣೆಯ ಒಲೆಯನ್ನು ಚಳಿ ಕಾಯಿಸಲು ಹಚ್ಚಿದರಂತೂ ಹೇಳತಕ್ಕದ್ದೇ ಇಲ್ಲ: ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಒಂದು ಲೀಟರಿಗೂ ಮಿಗಿಲಾದ ನೀರು ಹುಟ್ಟುತ್ತದೆ. ಎಣ್ಣೆಯಲ್ಲಿನ ಜಲಜನಕವು ಗಾಳಿಯ ಆಮ್ಲಜನಕವನ್ನು ಕೂಡಿ ನೀರಾಗುವುದೇ ಇದರ ಕಾರಣ.

ಬೂಷ್ಟು ಹುಟ್ಟಲು ಗೋಡೆಯ ಮೇಲೆ ನೀರು ಹರಿಯಬೇಕೆಂದು ಬಹುಮಂದಿ ತಿಳಿದಿರುವುದು ಸರಿಯಲ್ಲ. ಗೋಡೆಯ ಮೈಗೆ ತಗುಲಿದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 80ನ್ನು ಮುಟ್ಟಿ ಕೆಲವು ದಿನಗಳವರೆಗೆ ಹಾಗೆಯೇ ನಿಂತರೆ ಅದಕ್ಕೆ ಸಾಕು. ಮೇಲೆ ಹೇಳಿದ ಕೋಣೆಯಲ್ಲಿಯೇ, ಗಾರೆ ಬಳಿದ ಒಂಬತ್ತಂಗುಲದ ಇಟ್ಟಿಗೆಯ ಗೋಡೆಯಿದ್ದರೆ ಅದರ ಒಳಮೈ ಸುಮಾರು 14 ಅಥವಾ 15 ಡಿಗ್ರಿಯಲ್ಲಿರುತ್ತದೆ. ಇಬ್ಬನಿ ಬಿಂದುವಿಗಿಂತ ಇದು ಮೇಲೆಯೇ ಇರುವುದರಿಂದ ಕೈಯಿಟ್ಟು ನೋಡಿದರೆ ಗೋಡೆ ಒಣಗಿದಂತೆಯೇ ತೋರುತ್ತದೆ. ಆದರೆ ಕೋಣೆಯ ನಡುವೆ ಶೇಕಡಾ 60 ಇದ್ದ ಆರ್ದ್ರತೆ ಆ ಮೈಯನ್ನು ಮುಟ್ಟುವಲ್ಲಿ ಶೇಕಡಾ 85ಕ್ಕೆ ಏರಿರುತ್ತದೆ. ಎರಡು ಹೊರಗೋಡೆಗಳು ಕೂಡುವ ಮೂಲೆಯಲ್ಲಿ ಒಳಗಿನಿಂದ ಶಾಖವನ್ನು ಪಡೆಯುವ ಮೈ ಕಿರಿದು, ಹೊರಕ್ಕೆ ಕಳೆದುಕೊಳ್ಳುವ ಮೈ ಹಿರಿದು; ಆದುದರಿಂದ ಮೂಲೆ ಇನ್ನೂ ತಣ್ಣಗೆ. ಬೀರುವಿನ ಹಿಂಬದಿಗೆ ಕೋಣೆಯ ಬೆಚ್ಚನೆಯ ಗಾಳಿ ಸುಳಿಯದೆ, ನೀರಾವಿ ಮಾತ್ರ ನುಸುಳುವುದರಿಂದ ಅದೂ ಹಾಗೆಯೇ. ಕಾಂಕ್ರೀಟಿನ ತೊಲೆಯೊಂದು ಒಳಗಿನಿಂದ ಹೊರಕ್ಕೆ ಹಾದುಹೋಗಿರುವೆಡೆಯಲ್ಲಿ ಬೂಷ್ಟು ಗೆರೆ ಎಳೆದಂತೆ ಬೆಳೆದು ತೊಲೆಯ ಇರವನ್ನೇ ಹೊರಗಿನವರಿಗೆ ತೋರಿಸಿಕೊಡುತ್ತದೆ. ಅದೇ ಗೋಡೆಗೆ ಒಳ್ಳೆಯ ಉಷ್ಣನಿರೋಧಕವನ್ನು ಹೊದಿಸಿದರೆ ಮೈಯ ಉಷ್ಣತೆ 19 ಡಿಗ್ರಿಗೇರಿ, ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಬೂಷ್ಟಿಗೆ ಎಡೆಯೇ ಇಲ್ಲದಾಗುತ್ತದೆ. ಈ ಮಾತನ್ನು ಮರೆಯಬಾರದು. ಹೊಣೆಯ ಪ್ರಶ್ನೆ ಬಂದಾಗ ಇದಕ್ಕೆ ಮತ್ತೆ ಬರುವೆವು.

ಬೂಷ್ಟು ಒಂದು ಜೀವಿ. ಶಿಲೀಂಧ್ರಗಳ ವರ್ಗಕ್ಕೆ ಸೇರಿದುದು. ಅದು ಕೊಳೆಯಿಂದ ತಾನಾಗಿಯೇ ಉದ್ಭವಿಸುವುದೆಂಬ ಹಳೆಯ ನಂಬಿಕೆಯನ್ನು ಅಲುಗಿಸಿದವನು ಫ್ಲಾರೆನ್ಸಿನ ಸಸ್ಯಶಾಸ್ತ್ರಜ್ಞ ಪಿಯೆರ್ ಆಂತೊನಿಯೊ ಮಿಕೇಲಿ. ಆತನು ಬೂಷ್ಟಿನ ಬೀಜಾಣುಗಳನ್ನು ಕರಬೂಜದ ಹೋಳುಗಳ ಮೇಲೆ ಬಿತ್ತಿ, ಬಿತ್ತಿದ ಜಾತಿಯೇ ಬೆಳೆಯುವುದನ್ನು ಕಂಡು, 1729ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಬೀಜಾಣುಗಳಿಲ್ಲದ ಗಾಳಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲವೆನ್ನಬಹುದು. ಗೋಡೆಗೆ ಅಂಟಿಸಿದ ಕಾಗದ, ಅದರ ಹಿಂದಣ ಗೋಂದು, ಬಣ್ಣದ ಅಂಶ, ಧೂಳು, ನಮ್ಮ ಚರ್ಮದಿಂದ ಉದುರಿದ ಹೊಟ್ಟು, ಇವುಗಳಲ್ಲಿ ಯಾವುದಾದರೊಂದು ಅದಕ್ಕೆ ಆಹಾರವಾಗುತ್ತದೆ. ಬೀಜವೂ ಆಹಾರವೂ ಎಲ್ಲ ಮನೆಗಳಲ್ಲಿಯೂ ಸಿದ್ಧವಾಗಿಯೇ ಇರುವಾಗ, ಬೂಷ್ಟು ಬರುವುದೂ ಬಾರದಿರುವುದೂ ನೀರೊಂದನ್ನೇ ಅವಲಂಬಿಸಿದೆ. ಇಂದು ಕಪ್ಪು ಬೂಷ್ಟೆಂದು ಎಲ್ಲರೂ ಹೆದರುವ ಸ್ಟ್ಯಾಕಿಬಾಟ್ರಿಸ್ ಎಂಬ ಜಾತಿಯನ್ನು ಕೊರ್ಡ ಎಂಬ ಚೆಕ್ ವಿಜ್ಞಾನಿಯು 1837ರಲ್ಲಿ ಮೊಟ್ಟಮೊದಲು ವರ್ಣಿಸಿದುದು ಕೂಡ ಪ್ರಾಗ್ ನಗರದ ಮನೆಯೊಂದರ ಗೋಡೆಕಾಗದದಿಂದ ತೆಗೆದ ಮಾದರಿಯನ್ನು ನೋಡಿಯೇ. ಆದರೆ ಕಪ್ಪಗಿರುವುದೆಲ್ಲ ಅದೇ ಅಲ್ಲ. ಕಿಟಕಿಯ ಬಳಿ ಸಾಮಾನ್ಯವಾಗಿ ಕಾಣುವವು ಕ್ಲಾಡೋಸ್ಪೋರಿಯಂ ಮುಂತಾದ ಬೇರೆ ಜಾತಿಗಳು.

ಗೋಡೆಕಾಗದದ ಮಾತು ಬಂದುದರಿಂದ ಒಂದು ವಿಚಿತ್ರವಾದ ಚರಿತ್ರೆಯನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. ಸ್ವೀಡನ್ನಿನ ರಸಾಯನಜ್ಞ ಷೀಲೆ 18ನೆಯ ಶತಮಾನದ ಕೊನೆಯ ಪಾದದಲ್ಲಿ ತಾಮ್ರ ಮತ್ತು ಆರ್ಸೆನಿಕ್‌ಗಳಿಂದ ಮನೋಹರವಾದ ಒಂದು ಹಸಿರು ಬಣ್ಣವನ್ನು ತಯಾರಿಸಿದನು. ಮುಂದಿನ ಶತಮಾನದಲ್ಲಿ ಯೂರೋಪಿನ ಮನೆಗಳ ಗೋಡೆಕಾಗದಗಳಲ್ಲಿ ಆ ಹಸಿರು ಮತ್ತು ಅದರ ಜಾತಿಯ ಇತರ ಬಣ್ಣಗಳು ಎಲ್ಲೆಲ್ಲಿಯೂ ಮೆರೆದವು. ಹೈಡಲ್‌ಬರ್ಗಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಲಿಯೋಪೋಲ್ಡ್ ಗ್ಮೇಲಿನನು 1839ರಲ್ಲಿ, ಇಂತಹ ಕಾಗದವನ್ನು ಹಚ್ಚಿದ ತೇವದ ಕೋಣೆಗಳಲ್ಲಿ ಇಲಿಯ ನಾತದಂತಹ ಒಂದು ವಾಸನೆ ಹುಟ್ಟುವುದೆಂದೂ, ಅಲ್ಲಿ ಆರ್ಸೆನಿಕ್ಕಿನಿಂದ ಕೂಡಿದ ವಾಯುವೊಂದು ಇರಬಹುದೆಂದೂ ಎಚ್ಚರಿಸಿದನು. ಕೆಲವು ದಶಕಗಳ ತರುವಾಯ, 1890ರ ದಶಕದಲ್ಲಿ, ಇಟಲಿಯ ವೈದ್ಯ ಬಾರ್ತೊಲೊಮಿಯೊ ಗೋಸಿಯೊ ಆರ್ಸೆನಿಕ್ ಬೆರೆಸಿದ ಆಲೂಗಡ್ಡೆಯ ಮುದ್ದೆಯ ಮೇಲೆ ಬೂಷ್ಟುಗಳನ್ನು ಬೆಳೆಸಿ, ಅವುಗಳಿಂದ ಬೆಳ್ಳುಳ್ಳಿಯ ವಾಸನೆಯ ಅನಿಲವೊಂದು ಹೊರಡುವುದನ್ನು ತೋರಿಸಿದನು. ಕಾಗದದ ಮೇಲೆ ಬೆಳೆದ ಬೂಷ್ಟು ಬಣ್ಣದಲ್ಲಿನ ವಿಷವನ್ನು ಅರಗಿಸಿಕೊಂಡು ಗಾಳಿಗೆ ಬಿಡುತ್ತಿತ್ತೆಂಬುದು ಹೀಗೆ ಗೊತ್ತಾಯಿತು. ಆ ಅನಿಲವು ಟ್ರೈಮೀಥೈಲ್ ಆರ್ಸೀನ್ ಎಂಬುದನ್ನು 1930ರ ದಶಕದ ಆದಿಯಲ್ಲಿ ಲೀಡ್ಸ್ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಚಾಲೆಂಜರ್ ಮತ್ತು ಅವನ ಸಂಗಡಿಗರು ಸಾಧಿಸಿ ತೋರಿಸಿದರು. ಆ ಅನಿಲವೊಂದೇ ಜನರನ್ನು ಕೊಂದಿತೆಂಬ ಪ್ರತೀತಿಯನ್ನು ಈಚಿನ ರಸಾಯನಜ್ಞರು ಸಂಶಯಿಸಿದ್ದಾರೆ. ಅದು ಹಿಂದೆ ಎಣಿಸಿದಷ್ಟು ಘೋರವಾದ ವಿಷವಲ್ಲವಂತೆ. ಅದು ಹೇಗಾದರೂ ಇರಲಿ. ತೇವದ ಗೋಡೆಯು ಒಂದು ಜಡವಸ್ತುವಾಗಿರದೆ, ತನ್ನ ಮೇಲಿರುವುದನ್ನು ಮಾರ್ಪಡಿಸಿ ನಮ್ಮ ಉಸಿರಿಗೆ ಬೆರೆಸುವ ಜೀವಕ್ರಿಯೆಗಳ ನೆಲೆಯಾಗುವುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಕಥೆಯನ್ನು ನಾನು ಬೇರೆ ಕಾಣೆ.

ಆರ್ಸೆನಿಕ್ಕಿನ ಬಣ್ಣ ಇಂದು ಇಲ್ಲ. ಆದರೆ ಬೂಷ್ಟಿನ ಬೀಜಾಣುಗಳೂ ಅದರ ಎಳೆಗಳ ಚೂರುಗಳೂ ಶ್ವಾಸನಾಳವನ್ನು ಕೆರಳಿಸುತ್ತವೆ. ತೇವವೂ ಬೂಷ್ಟೂ ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ, ಕೆಮ್ಮು, ಉಸಿರಾಟದ ಸೋಂಕುಗಳು ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಹೊರಡಿಸಿದ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯ ಧೂಳಿನಿಂದ ಉಬ್ಬಸವೇಳುವುದಕ್ಕೆ ಅದರಲ್ಲಿನ ಒಂದು ಬಗೆಯ ಸೂಕ್ಷ್ಮ ನುಸಿಯೇ ಕಾರಣವೆಂದು ನೆದರ್ಲೆಂಡ್ಸಿನ ವಿಜ್ಞಾನಿಗಳು 1964ರಲ್ಲಿ ತೋರಿಸಿದರು. ಆ ನುಸಿಯೂ ತೇವದ ಗಾಳಿಯಲ್ಲಿಯೇ ಹೆಚ್ಚುವಂತಹುದು. ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಲಾ ಟೂಷ್ ಎಂಬ ಶಿಲೀಂಧ್ರತಜ್ಞನು ಉಬ್ಬಸದ ರೋಗಿಗಳ ಮನೆಗಳಿಂದ ಬೂಷ್ಟುಗಳನ್ನು ತಂದು ಬೆಳೆಸುತ್ತಿದ್ದನು. ಅವನ ಪ್ರಯೋಗಶಾಲೆಯ ಮೇಲಿನ ಅಂತಸ್ತಿನಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗನ ತಟ್ಟೆಯ ಮೇಲೆ 1928ರಲ್ಲಿ ಬಂದು ಕುಳಿತು ಪೆನಿಸಿಲಿನ್ನಿನ ಆವಿಷ್ಕಾರಕ್ಕೆ ಕಾರಣವಾದ ಬೂಷ್ಟು ಅಲ್ಲಿಂದಲೇ ತೇಲಿಬಂದಿರಬೇಕೆಂದು ಚರಿತ್ರಕಾರರು ಊಹಿಸುತ್ತಾರೆ. ಊಹೆ ನಿಜವಾದರೆ, ಅಸಂಖ್ಯ ಪ್ರಾಣಗಳನ್ನುಳಿಸಿದ ಆ ಬೂಷ್ಟಿನ ತವರು ಲಂಡನ್ನಿನ ಯಾವುದೋ ಒಬ್ಬ ರೋಗಿಯ ತೇವದ ಮನೆಯಾಗಿರಬಹುದು.

ಬ್ರಿಟನ್ನಿನ ಮನೆಗಳು ಹಿಂದೆಯೂ ತಣ್ಣಗಿದ್ದವು. ಈಗಿನವುಗಳಿಗಿಂತ ಹೆಚ್ಚಾಗಿಯೇ ತಣ್ಣಗಿದ್ದವು. ಆದರೂ ಬೂಷ್ಟಿನ ಹಾವಳಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ರೂಪವನ್ನು ತಾಳಿದುದೇಕೆ? ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆಯ ಮನೆಯಲ್ಲಿ ಮುಖ್ಯವಾದ ಕೋಣೆಗಳಿಗೆಲ್ಲ ಒಂದೊಂದು ಅಗ್ಗಿಷ್ಟಿಕೆ. ಅದರಲ್ಲಿ ಉರಿಯುವ ಕಲ್ಲಿದ್ದಲಿನ ಬೆಂಕಿಯು ಹೊಗೆಗೊಳವೆಯ ಮೂಲಕ ಕೋಣೆಯ ಗಾಳಿಯನ್ನು ಗಂಟೆಗೆ ಹಲವು ಬಾರಿ ಹೊರಕ್ಕೆಳೆಯುತ್ತಿತ್ತು. ಆ ಎಡೆಯನ್ನು ತುಂಬಲು ಹೊರಗಿನ ಗಾಳಿ ಕಿಟಕಿಗಳ ಸಂದಿನಿಂದಲೂ ನೆಲದ ಹಲಗೆಗಳ ಬಿರುಕಿನಿಂದಲೂ ನುಗ್ಗುತ್ತಿತ್ತು. ಜನ ಬೆಂಕಿಯೆದುರು ಎದೆ ಕಾಯಿಸಿಕೊಂಡು ಬೆನ್ನಿನಲ್ಲಿ ನಡುಗುತ್ತಿದ್ದರೆಂಬುದೇನೋ ನಿಜ. ಆದರೆ ಅವರ ಉಸಿರಿನ ನೀರು ಮನೆಯೊಳಗೆ ನಿಲ್ಲುತ್ತಿರಲಿಲ್ಲ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಮುಸುಕಿದ ಘೋರವಾದ ಹೊಗೆಮಂಜಿನ ಪರಿಣಾಮವಾಗಿ 1956ರಲ್ಲಿ ಶುದ್ಧವಾಯುವಿನ ಶಾಸನ ಜಾರಿಗೆ ಬಂದಿತು. ಕಲ್ಲಿದ್ದಲಿನ ಅಗ್ಗಿಷ್ಟಿಕೆಗಳು ಆರಿದವು; ಹೊಗೆಗೊಳವೆಗಳಿಗೆ ಹಲಗೆ ಬಡಿದರು; 1973ರ ತೈಲದ ಬಿಕ್ಕಟ್ಟಿನ ಬಳಿಕ ಶಾಖವನ್ನುಳಿಸುವುದಕ್ಕಾಗಿ ಸಂದುಗಳನ್ನೆಲ್ಲ ಮುಚ್ಚಿದರು. ಗೋಡೆ ಮಾತ್ರ ಮೊದಲಿನಂತೆಯೇ ತಣ್ಣಗೆ ಉಳಿಯಿತು. ಎರಡನೆಯ ಮಹಾಯುದ್ಧದ ಬಳಿಕ ತರಾತುರಿಯಲ್ಲಿ ಎತ್ತಿದ ಕಾಂಕ್ರೀಟಿನ ಅನೇಕ ಬಹುಮಹಡಿಯ ಕಟ್ಟಡಗಳಲ್ಲಿ ಮೊದಲಿನಿಂದಲೂ ಹೊಗೆಗೊಳವೆಯಿರಲಿಲ್ಲ. ಗಾಳಿಯನ್ನು ಹಿಡಿದಿಟ್ಟು ಗೋಡೆಯನ್ನು ಬೆಚ್ಚಗೆ ಮಾಡದೆ ಬಿಟ್ಟ ಈ ಅರೆಗೆಲಸವೇ ಇಂದಿನ ಕೇಡಿನ ಬೇರೆಂದು ನಾನು ಎಣಿಸುತ್ತೇನೆ.

ಇನ್ನು ಪರಿಹಾರ. ಮೊದಲು ಕಾಯಿಲೆ ಯಾವುದೆಂದು ನಿರ್ಧರಿಸಬೇಕು. ಮಳೆಯ ನೀರು ಗೋಡೆಯೊಳಕ್ಕೆ ಇಳಿದಿದ್ದರೆ ಮಳೆಯಾದಾಗ ಮಚ್ಚೆ ಹಿಗ್ಗುತ್ತದೆ. ನೆಲದ ತೇವ ಮೇಲಕ್ಕೇರಿದ್ದರೆ ಗೋಡೆಯ ಬುಡದಿಂದ ಸುಮಾರು ಒಂದು ಮೀಟರಿನವರೆಗೆ ಉಪ್ಪಿನ ಬಿಳಿಯ ಗೆರೆ ಕಟ್ಟುತ್ತದೆ. ಇವೆರಡಕ್ಕೂ ಗಾರೆಯವನು ಬೇಕು. ಇವಲ್ಲದೆ, ಚಳಿಗಾಲದಲ್ಲಿ ಬಂದು ಬೇಸಗೆಯಲ್ಲಿ ಅಡಗುವ ಮೂಲೆಯ ಬೂಷ್ಟು ಈ ಬರಹದ ವಿಷಯ.

ಇದಕ್ಕೆ ಮೊದಲ ಮದ್ದು ಕಿಟಕಿ ತೆರೆದು ಗಾಳಿಯನ್ನು ಬದಲಿಸುವುದು. ಹೊರಗೆ ಮಳೆ ಸುರಿಯುತ್ತಿರುವಾಗ ಕಿಟಕಿ ತೆರೆದರೆ ತೇವ ಒಳಕ್ಕೆ ಬರುವುದೆಂಬ ಭಯ ಸಹಜ. ಮಲೆನಾಡಿನಿಂದ ಶೀತದೇಶಕ್ಕೆ ಹೋದವರಿಗಂತೂ ಅದು ಹುಟ್ಟಿನಿಂದ ಬಂದ ತಿಳಿವಳಿಕೆ. ಆಗುಂಬೆಯಲ್ಲಿಯೋ ಮಡಿಕೇರಿಯಲ್ಲಿಯೋ ಆಷಾಢ ಶ್ರಾವಣಗಳಲ್ಲಿ ಹೊರಗಿನ ಗಾಳಿಯ ಬಿಸುಪು ಒಳಗಿನಷ್ಟೇ ಇದ್ದು, ನೀರಾವಿಯಿಂದ ತುಂಬಿ ತುಳುಕುತ್ತಿರುವುದರಿಂದ, ಅಲ್ಲಿ ಕಿಟಕಿ ತೆರೆದು ಫಲವಿಲ್ಲ. ಬಚ್ಚಲೊಲೆಯ ಬಳಿ ಬಟ್ಟೆ ಹರವುವುದೇ ದಾರಿ. ಶೀತದೇಶದ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಮಳೆಯ ದಿನದ 5 ಡಿಗ್ರಿಯ ಗಾಳಿಯು ನೀರಾವಿಯಿಂದ ಪೂರ್ಣವಾಗಿ ತುಂಬಿದ್ದರೂ ಅದರಲ್ಲಿರುವುದು ಘನಮೀಟರಿಗೆ 7 ಗ್ರಾಮಿಗೂ ಕಡಿಮೆ. ಒಳಕ್ಕೆ ಬಂದು 20 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 40ರ ಒಳಗೇ ಉಳಿಯುತ್ತದೆ. ಒದ್ದೆಯೆಂದು ತೋರುವ ಆ ಗಾಳಿಯೇ ಮನೆಯನ್ನು ಒಣಗಿಸುವ ಗಾಳಿ. ಸ್ನಾನದ ಮನೆಯಲ್ಲಿ ಸೆಕೆಂಡಿಗೆ 15 ಲೀಟರ್ ಗಾಳಿಯನ್ನು ಹೊರಕ್ಕೆ ದೂಡುವ ಸಣ್ಣ ಫ್ಯಾನು, ಚಳಿಗಾಲದಲ್ಲಿ ಗಂಟೆಗೆ ಕಾಲು ಲೀಟರಿನಷ್ಟು ನೀರನ್ನು ಹೊರಹಾಕುತ್ತದೆ. ಅದರ ಬದಲಿಗೆ ಒಳಬಂದ ಗಾಳಿಯನ್ನು ಬಿಸಿ ಮಾಡಲು ತಗಲುವುದು ಕಾಲು ಯೂನಿಟ್ ವಿದ್ಯುತ್ತಿಗಿಂತ ಕೊಂಚ ಮೇಲೆ. ಜರ್ಮನಿಯಲ್ಲಿ ದಿನಕ್ಕೆ ಹಲವು ಸಲ ಕಿಟಕಿಗಳನ್ನು ಪೂರ್ತಿಯಾಗಿ ತೆರೆದು ಕೆಲವು ನಿಮಿಷಗಳಲ್ಲಿ ಮುಚ್ಚುವ ರೂಢಿಯಿದೆ. ಗಾಳಿ ಬದಲಾಗುವುದು ಬೇಗ, ಗೋಡೆ ತಣ್ಣಗಾಗುವುದು ನಿಧಾನ. ಆದುದರಿಂದ ಇಡೀ ದಿನ ಒಂದಂಗುಲ ಬಿಟ್ಟ ಕಿಟಕಿಗಿಂತ ಈ ಪದ್ಧತಿ ಮೇಲು.

ಶೀತದೇಶಗಳಲ್ಲಿ ನೆಲಸಿರುವ ನಮ್ಮ ಕನ್ನಡದ ಸಂಸಾರಗಳಲ್ಲಿ ಅನ್ನ ಬೇಯುವುದು, ಇಡ್ಲಿಯ ಹಬೆ, ಸಾರಿನ ಕುದಿ ಇವು ತಪ್ಪುವುದಿಲ್ಲ; ತಪ್ಪಲೂಬೇಕಾಗಿಲ್ಲ. ಪಾತ್ರೆಗೆ ಮುಚ್ಚಳವಿಟ್ಟು, ಅಡುಗೆಮನೆಯ ಬಾಗಿಲನ್ನು ಮುಚ್ಚಿ, ಹೊರಕ್ಕೆ ಗಾಳಿ ದೂಡುವ ಫ್ಯಾನನ್ನು ಒಲೆ ಆರಿಸಿದ ಮೇಲೂ ಸ್ವಲ್ಪ ಹೊತ್ತು ನಡೆಸಿದರೆ ಸಾಕು. ಬಟ್ಟೆಯನ್ನು ಕೋಣೆಯ ರೇಡಿಯೇಟರಿನ ಮೇಲೆ ಹರವದೆ, ಬಾಗಿಲು ಮುಚ್ಚಿದ ಸ್ನಾನದ ಮನೆಯಲ್ಲಿ ಕಿಟಕಿ ತೆರೆದು ಒಣಗಿಸುವುದು ಒಳ್ಳೆಯದು. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಬೇಕು; ಸಾಧ್ಯವಾದರೆ ಒಳಗೋಡೆಗೆ ಸರಿಸಬೇಕು. ಬೆಳಗ್ಗೆ ಗಾಜಿನ ನೀರನ್ನು ಒರೆಸಿ, ಬಟ್ಟೆಯನ್ನು ಹೊರಗೆ ಹಿಂಡಬೇಕು. ಒಂದೇ ಕೋಣೆಯನ್ನು ಹೊತ್ತುಹೊತ್ತಿಗೆ ಸುಡುವಂತೆ ಕಾಯಿಸಿ ಉಳಿದವನ್ನು ತಣ್ಣಗೆ ಬಿಡುವುದಕ್ಕಿಂತ ಮನೆಯನ್ನೆಲ್ಲ ಸಮನಾಗಿ ಹಿತವಾದ ಬಿಸುಪಿನಲ್ಲಿಡುವುದು ಮೇಲು, ಅದಕ್ಕೆ ಕೈಯಲ್ಲಿ ಹಣವಿದ್ದರೆ. ತೇವವನ್ನು ಹೀರುವ ವಿದ್ಯುದ್ಯಂತ್ರವೂ ಉಪಯುಕ್ತವೇ. ಅದು ಹಿಡಿದ ಒಂದೊಂದು ಲೀಟರ್ ನೀರಿಗೂ ಮುಕ್ಕಾಲು ಯೂನಿಟ್ಟಿಗೆ ಸಮೀಪವಾದ ಗುಪ್ತೋಷ್ಣ ಮರಳಿ ಕೋಣೆಗೇ ಸಲ್ಲುತ್ತದೆ. ಇದೆಲ್ಲದರ ಫಲವನ್ನು ಅಳೆಯಲು ಆರ್ದ್ರತಾಮಾಪಕವೊಂದು ಮನೆಯಲ್ಲಿರಲಿ. 1783ರಲ್ಲಿ ಸೋಷ್ಯೂರ್ ಎಂಬ ವಿಜ್ಞಾನಿಯು ಮನುಷ್ಯನ ಕೂದಲನ್ನೇ ಎಳೆಯಾಗಿ ಕಟ್ಟಿ, ತೇವಕ್ಕೆ ಅದು ಹಿಗ್ಗುವುದನ್ನು ಅಳೆದು ಆರ್ದ್ರತೆಯನ್ನು ಓದಿದನು. ಇಂದು ಅಲ್ಪ ಬೆಲೆಗೆ ವಿದ್ಯುನ್ಮಾಪಕಗಳು ದೊರೆಯುತ್ತವೆ. ಅಂಕಿ ಶೇಕಡಾ 60ರ ಕೆಳಗೆ ನಿಂತರೆ ನೆಮ್ಮದಿ.

ಬೆಳೆದ ಬೂಷ್ಟನ್ನು ಒಣಗಿದಂತೆಯೇ ಉಜ್ಜಬಾರದು. ಬೀಜಾಣುಗಳು ಮನೆಯನ್ನೆಲ್ಲ ತುಂಬುತ್ತವೆ. ಮುಖಕವಚವನ್ನೂ ಕೈಗವಸನ್ನೂ ತೊಟ್ಟು ಒದ್ದೆಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಎಸೆಯಬೇಕು. ಬ್ಲೀಚನ್ನು ಬಳಸುವವರು ಬೇರಾವ ತೊಳೆಯುವ ದ್ರವದೊಡನೆಯೂ ಅದನ್ನು ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ. ಒಂದು ಚದರಮೀಟರಿಗಿಂತ ಹೆಚ್ಚಾಗಿ ಹರಡಿದ್ದರೆ, ಅಥವಾ ಮನೆಯಲ್ಲಿ ಉಬ್ಬಸದವರಿದ್ದರೆ, ಆ ಕೆಲಸವನ್ನು ಬಲ್ಲವರಿಗೆ ಬಿಡತಕ್ಕದ್ದು. ಮೇಲೆ ಬಣ್ಣ ಬಳಿದು ಮರೆಮಾಡುವುದರಿಂದ ಏನೂ ಸಾಧಿಸಿದಂತಾಗದು. ಗೋಡೆಯ ತಂಪು ಹಾಗೆಯೇ ಇರುವವರೆಗೆ ಬೂಷ್ಟು ಹೊಸ ಬಣ್ಣವನ್ನು ತಿಂದು ಮತ್ತೆ ಮೂಡುತ್ತದೆ.

ಇಲ್ಲಿಯೇ ಹೊಣೆಯ ಪ್ರಶ್ನೆ ಎದುರಾಗುವುದು. ಬ್ರಿಟನ್ನಿನಲ್ಲಿ ಬಹುಕಾಲ ಬಾಡಿಗೆದಾರರು ಬೂಷ್ಟಿನ ದೂರನ್ನು ತಂದಾಗಲೆಲ್ಲ ದೊರೆಯುತ್ತಿದ್ದ ಉತ್ತರ, ಇದು ನಿಮ್ಮ ಜೀವನಕ್ರಮದ ಫಲ, ನೀವು ಕಿಟಕಿ ತೆರೆಯುವುದಿಲ್ಲ, ಅಡುಗೆ ಹೆಚ್ಚು ಮಾಡುತ್ತೀರಿ ಎಂಬುದಾಗಿತ್ತು. ವಲಸೆ ಬಂದವರಿಗೆ ಈ ಮಾತು ಇನ್ನಷ್ಟು ಸಲೀಸಾಗಿ ಸಿಗುತ್ತಿತ್ತು. ನಾವು ಮಾಡಿದ ಲೆಕ್ಕಗಳನ್ನು ಓದುಗರು ಮತ್ತೊಮ್ಮೆ ನೆನೆಯಬೇಕು. ಇಬ್ಬರ ಉಸಿರಿನಿಂದಲೇ ಮುಚ್ಚಿದ ಕೋಣೆಯ ಗಾಳಿ ತುಂಬಿಹೋಗುತ್ತದೆ. ಅದೇ ನೀರಾವಿ ಬೆಚ್ಚಗಿನ ಗೋಡೆಯ ಮುಂದೆ ನಿರುಪದ್ರವಿ, ತಣ್ಣನೆಯ ಗೋಡೆಯ ಮುಂದೆ ಬೂಷ್ಟು. ಬಾಡಿಗೆದಾರನು ಒಂದಿಷ್ಟು ನೀರಾವಿಯನ್ನು ಕಡಿಮೆ ಮಾಡಬಲ್ಲನು; ಗೋಡೆಯನ್ನು ಹೊದಿಸುವುದೂ, ಗಾಜನ್ನು ಬದಲಿಸುವುದೂ, ಫ್ಯಾನನ್ನು ಹಾಕಿಸುವುದೂ ಮನೆಯ ಒಡೆಯನ ಕೈಯಲ್ಲಿದೆ. ಉಸಿರಾಟವನ್ನು ತಪ್ಪೆಂದು ಎಣಿಸುವ ವಾದಕ್ಕೆ ವಿಜ್ಞಾನದ ಬೆಂಬಲವಿಲ್ಲ. ಬಾಡಿಗೆದಾರರ ದೂರುಗಳನ್ನು ವಿಚಾರಿಸುವ ಇಂಗ್ಲೆಂಡಿನ ವಸತಿ ಓಂಬುಡ್ಸ್‌ಮನ್ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ವರದಿಯು ಈ ಜೀವನಕ್ರಮದ ನೆವವನ್ನು ಕೈಬಿಡಬೇಕೆಂದು ಮನೆಯೊಡೆಯರಿಗೆ ನೇರವಾಗಿ ಹೇಳಿತು.

ಅಷ್ಟರಲ್ಲಾಗಲೇ ಒಂದು ಶಿಶುವಿನ ಪ್ರಾಣ ಹೋಗಿತ್ತು. ಮ್ಯಾಂಚೆಸ್ಟರಿನ ಬಳಿಯ ರೋಚ್‌ಡೇಲ್ ಪಟ್ಟಣದಲ್ಲಿ, ಸುಡಾನಿನಿಂದ ಬಂದ ದಂಪತಿಗಳ ಮಗ ಆವಾಬ್ ಇಷಾಕ್, ಎರಡು ವರ್ಷ ತುಂಬಿ ಎಂಟು ದಿನಗಳಾಗಿದ್ದಾಗ, 2020ರ ಡಿಸೆಂಬರಿನಲ್ಲಿ ತೀರಿಕೊಂಡನು. ಅವನ ತಂದೆ 2017ರಲ್ಲಿಯೇ ಮನೆಯ ಬೂಷ್ಟಿನ ವಿಷಯವಾಗಿ ದೂರಿಟ್ಟಿದ್ದನು. ಮೇಲೆ ಬಣ್ಣ ಬಳಿಯುವಂತೆ ಅವನಿಗೆ ಸಲಹೆ ದೊರೆತಿತ್ತು. ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡುದರಿಂದ ಉಂಟಾದ ತೀವ್ರ ಶ್ವಾಸರೋಗವೇ ಮರಣಕ್ಕೆ ಕಾರಣವೆಂದು ಮರಣವಿಚಾರಣಾಧಿಕಾರಿಯು 2022ರ ನವೆಂಬರಿನಲ್ಲಿ ತೀರ್ಪಿತ್ತರು. ಆ ಮಗುವಿನ ಹೆಸರಿನಿಂದಲೇ ಕರೆಯಲಾಗುವ ಕಾನೂನು 2023ರ ಶಾಸನದಲ್ಲಿ ಸೇರಿ, 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗೃಹಗಳಲ್ಲಿ ಜಾರಿಗೆ ಬಂದಿದೆ. ಬೂಷ್ಟು ಮತ್ತು ತೇವದ ಗಂಭೀರವಾದ ದೂರು ಬಂದ 10 ಕೆಲಸದ ದಿನಗಳೊಳಗೆ ಮನೆಯೊಡೆಯರು ತನಿಖೆ ನಡೆಸಬೇಕು. ಅಪಾಯ ಕಂಡುಬಂದರೆ ಮುಂದಿನ 5 ಕೆಲಸದ ದಿನಗಳಲ್ಲಿ ಅದನ್ನು ನಿವಾರಿಸಬೇಕು. ತುರ್ತಿನದಾದರೆ 24 ಗಂಟೆಗಳಲ್ಲಿ.

ಓದಿಗಾಗಲಿ ಉದ್ಯೋಗಕ್ಕಾಗಲಿ ಶೀತದೇಶಗಳಿಗೆ ತೆರಳುವ ನಮ್ಮ ತರುಣ ತರುಣಿಯರಲ್ಲಿ ನನ್ನ ವಿನಂತಿಯಿಷ್ಟೆ. ಬಾಡಿಗೆಯ ಕರಾರಿಗೆ ಸಹಿ ಹಾಕುವ ಮೊದಲು ಬೀರುವನ್ನು ಸರಿಸಿ ಅದರ ಹಿಂದಣ ಗೋಡೆಯನ್ನು ನೋಡಿ; ಹೊರಗೋಡೆಗಳ ಮೂಲೆಯನ್ನು ಮುಟ್ಟಿ ನೋಡಿ; ಸ್ನಾನದ ಮನೆಯ ಫ್ಯಾನಿಗೆ ಕಾಗದದ ಚೂರೊಂದನ್ನು ಹಿಡಿದು, ಅದು ಎಳೆದುಕೊಳ್ಳುವುದೇ ಎಂದು ಪರೀಕ್ಷಿಸಿ. ಅನಂತರ ಬೂಷ್ಟು ಕಂಡರೆ ಅದರ ಚಿತ್ರವನ್ನೂ, ಆ ದಿನದ ಒಳಗಿನ ಉಷ್ಣತೆ ಮತ್ತು ಆರ್ದ್ರತೆಯನ್ನೂ ತಾರೀಖಿನೊಡನೆ ಬರೆದಿಟ್ಟು, ಮನೆಯೊಡೆಯರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ, ಲಿಖಿತವಾಗಿ ತಿಳಿಸಿ.